ಓದುಗರ ಪ್ರಶ್ನೆ: ಬರೀ ಗೆರೆಯಲ್ಲಿ ನೋವು ಕಾಣುತ್ತದಾ?

ಪ್ರಶ್ನೆ: ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಓದುವ ಮಗಳು ಅಮೂರ್ತ ಚಿತ್ರ (ಗುರುತಿಸುವಂಥ ಆಕೃತಿ ಇಲ್ಲದ, ಬರೀ ಗೆರೆ-ಬಣ್ಣದ ಚಿತ್ರ) ಬರೆಯುತ್ತಾಳೆ. ಜೈಲು ಕಂಡವರು, ದೇಶ ಬಿಟ್ಟವರು ಕೂಡ ಹೀಗೇ ಬರೆದರು ಅನ್ನುತ್ತಾಳೆ. ನಿಜವೇ?
– ಒಬ್ಬ ತಂದೆ, ಮಂಡ್ಯ

ಉತ್ತರ: ನಿಜ ಸಾರ್. ಸುಡಾನಿನ ಚಿತ್ರಕಾರ ಇಬ್ರಾಹಿಂ ಎಲ್-ಸಲಾಹಿ ಅವರನ್ನೇ ನೋಡಿ. 1975ರಲ್ಲಿ ವಿಚಾರಣೆಯೇ ಇಲ್ಲದೆ ಜೈಲಿಗೆ ಹಾಕಿದರು, ಅಲ್ಲಿ ಕಾಗದ, ಪೆನ್ಸಿಲ್ ಸಿಕ್ಕರೆ ಶಿಕ್ಷೆ, ಆದರೂ ಚೂರು ಕಾಗದದಲ್ಲಿ ಚಿತ್ರ ಬರೆದು ಮರಳಲ್ಲಿ ಹೂತಿಡುತ್ತಿದ್ದರು. ಎಂಥ ಧೈರ್ಯ ಅಲ್ವಾ! ಬಿಡುಗಡೆಯಾದ ಮೇಲೆ ದೇಶ ಬಿಟ್ಟರು. 1984-85ರಲ್ಲಿ ಕಪ್ಪು ಶಾಯಿಯಲ್ಲಿ ‘ದಿ ಇನೆವಿಟಬಲ್’ (ತಪ್ಪಿಸಲಾಗದ್ದು) ಬರೆದರು. ಒಂಬತ್ತು ಹಾಳೆ ಜೋಡಿಸಿದ ದೊಡ್ಡ ಚಿತ್ರ. ಹಾಗೆ ಜೋಡಿಸುತ್ತಾ ಹೋಗುವ ಕ್ರಮ ಜೈಲಿನ ಚೂರುಗಳಿಂದಲೇ ಬಂದದ್ದು. ಅದು ಪೂರ್ತಿ ಅಮೂರ್ತವಲ್ಲ, ಗೆರೆಗಳ ನಡುವೆ ಎತ್ತಿದ ಮುಷ್ಟಿಗಳಿವೆ. ಮಗಳ ಜೊತೆ ಕೂತು ನಿಧಾನವಾಗಿ ನೋಡಿ.