ಕೊರಿಯಾದ ಹಳ್ಳಿ ನೋಡೋರಿಗೆ: ನಿಮ್ಮ ಪ್ರಶ್ನೆ, ನನ್ನ ಉತ್ತರ

ದಕ್ಷಿಣ ಕೊರಿಯಾದ ಗೊಚಾಂಗ್ ಎಂಬ ರೈತಾಪಿ ಕೌಂಟಿಯ ಬಗ್ಗೆ ಹೋದ ಸಂಚಿಕೆಯಲ್ಲಿ ನಾಲ್ಕು ಮಾತು ಬರೆದಿದ್ದೆ. ಅಲ್ಲಿಂದ ಬಸ್ಸಿನಲ್ಲಿ ತಾಸಿನ ದಾರಿಯ ಗ್ವಾಂಗ್ಜುವಿನಲ್ಲಿ ಮಗಳು ಓದುತ್ತಾಳೆ. ಹಾಗಾಗಿ ನಾಟಿ ಹೊತ್ತಿಗೂ ಕಟಾವಿನ ಹೊತ್ತಿಗೂ ಆ ಸೀಮೆ ನೋಡುವುದಾಯಿತು. ಕಾರಟಗಿ ಕಡೆ ಕಾಲುವೆ ನೀರಿಗೆ ಭತ್ತ ಬೆಳೆಯುವವಳು ನಾನು, ಅಲ್ಲಿ ನನ್ನ ಕಣ್ಣು ಹೋದದ್ದೂ ಗದ್ದೆಗಳ ಕಡೆಗೇ. ಪತ್ರಗಳು ಭಾಳ ಬಂದಿವೆ. ಸೋಲ್ ನಗರ, ಅಲ್ಲಿನ ಸೀರಿಯಲ್ ನಟರು, ಮುಖಕ್ಕೆ ಹಚ್ಚುವ ಕ್ರೀಮು ಕೇಳಿದವರಿಗೆ ಉತ್ತರ ಕೊಡುವ ಯೋಗ್ಯತೆ ನನಗಿಲ್ಲ, ಬಿಡಿ.

ಅಕ್ಕಾರ, ಅಲ್ಲಿ ಎಕರೆಗೆ ಎಷ್ಟು ಚೀಲ ಬೀಳ್ತದ? ನಮಗಿಂತ ಭಾಳ ಮುಂದ ಅದಾರೇನು?
— ಭತ್ತದ ರೈತ, ಗಂಗಾವತಿ

ಅಲ್ಲಿ ಲೆಕ್ಕ ಭತ್ತದ್ದಲ್ಲ, ಅಕ್ಕಿ ಮಾಡಿಸಿದ ಮೇಲಿನ ತೂಕದ್ದು. ದೇಶದ ಸರಾಸರಿ ಹೆಕ್ಟೇರಿಗೆ 5 ಟನ್ ಮೇಲೆ ಸ್ವಲ್ಪ, ಅಂದರೆ ಎಕರೆಗೆ ಸುಮಾರು 20 ಕ್ವಿಂಟಲ್ ಅಕ್ಕಿ. ಭತ್ತಕ್ಕೆ ತಿರುಗಿಸಿದರೆ ನಮ್ಮ 75 ಕೆಜಿ ಚೀಲದಲ್ಲಿ 35ರಿಂದ 40ರ ಆಸುಪಾಸು. ನಿಮ್ಮ ಕಡೆಯ ಒಳ್ಳೆ ಗದ್ದೆಯವರು ಇದನ್ನು ಕೇಳಿ ಬೆರಗಾಗಬೇಕಿಲ್ಲ. ಮೇಲಾಗಿ ಅವರಿಗೆ ವರ್ಷಕ್ಕೆ ಒಂದೇ ಭತ್ತ. ಮೇ ಕೊನೆ, ಜೂನ್ ಮೊದಲಿಗೆ ನಾಟಿ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಕಟಾವು. ಆಮೇಲೆ ಚಳಿ ಭತ್ತವನ್ನು ಬದುಕಗೊಡುವುದಿಲ್ಲ. ಡ್ಯಾಮಿನಲ್ಲಿ ನೀರಿದ್ದ ವರ್ಷ ನಾವು ಎರಡು ತೆಗೆಯುತ್ತೇವೆ.

ಅವರು ಮುಂದಿರುವುದು ಬೇರೆ ಕಡೆ. ನಾಟಿಗೆ ಆಳು ಹುಡುಕುವುದೇ ಇಲ್ಲ. ಟ್ರೇಗಳಲ್ಲಿ ಸಸಿಯನ್ನು ಚಾಪೆಯ ಹಾಗೆ ಬೆಳೆಸಿ, ಸುರುಳಿ ಸುತ್ತಿ ಮಷಿನ್ನಿನ ಬೆನ್ನಿಗೆ ಏರಿಸುತ್ತಾರೆ. ಓಡಿಸುವವನಿಗೆ ಎಪ್ಪತ್ತು ದಾಟಿರುತ್ತದೆ, ಬದುವಿನ ಮೇಲೆ ಟ್ರೇ ಕೊಡುತ್ತಾ ನಿಂತ ಅವನ ಹೆಂಡತಿಗೂ ಅಷ್ಟೇ. ಮಷಿನ್ ಸ್ವಂತದ್ದೇ ಆಗಬೇಕಿಲ್ಲ, ಕೌಂಟಿ ಆಡಳಿತವೇ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತದೆ. ಸರಾಸರಿ ಹಿಡುವಳಿ ಒಂದೂವರೆ ಹೆಕ್ಟೇರ್ ಮಾತ್ರ, ನಮ್ಮ ನಾಲ್ಕು ಎಕರೆಗೂ ಕಡಿಮೆ. ಸಣ್ಣ ರೈತನಿಗೆ ಮಷಿನ್ ಸಾಗದು ಎಂದು ನಮ್ಮಲ್ಲಿ ಕಟ್ಟೆ ಮೇಲೆ ಕೂತು ವಾದಿಸುವವರನ್ನು ಅಲ್ಲಿಗೆ ಕರೆದೊಯ್ಯಬೇಕು.

ನನಗೆ ಹೊಟ್ಟೆಕಿಚ್ಚು ತಂದದ್ದು ಹುಲ್ಲು. ಅಕ್ಟೋಬರಿನಲ್ಲಿ ಹೋದರೆ ಕಟಾವಾದ ಗದ್ದೆ ತುಂಬಾ ಬಿಳಿ ಪ್ಲಾಸ್ಟಿಕ್ ಸುತ್ತಿದ ದೊಡ್ಡ ದೊಡ್ಡ ಉಂಡೆಗಳು ಕಾಣುತ್ತವೆ. ಒಂದೊಂದು ಸುಮಾರು ಅರ್ಧ ಟನ್. ಕಂಬೈನ್ ಬಿಟ್ಟು ಹೋದ ಹುಲ್ಲನ್ನು ಬೇಲರ್ ಉರುಳೆ ಮಾಡಿ, ಗಾಳಿಯಾಡದಂತೆ ಹಾಳೆ ಸುತ್ತಿ ಬಿಡುತ್ತದೆ. ಒಳಗೆ ಹುಳಿಬಂದು ಚಳಿಗಾಲಕ್ಕೆ ದನದ ಮೇವಾಗುತ್ತದೆ. ದನ ಸಾಕುವವರು ದುಡ್ಡು ಕೊಟ್ಟು ಒಯ್ಯುತ್ತಾರೆ. ನಮ್ಮಲ್ಲಿ ಎರಡನೇ ಬೆಳೆಯ ಅವಸರಕ್ಕೆ ಕಡ್ಡಿ ಗೀರುತ್ತೇವಲ್ಲ, ಅದೇ ಹುಲ್ಲು! ಆದರೆ ಇದರಲ್ಲೂ ಒಂದು ತಕರಾರಿದೆ. ಹುಲ್ಲೆಲ್ಲ ದನದ ಪಾಲಾದರೆ ಭೂಮಿಗೆ ಏನು ಉಳಿಯಿತು ಎಂದು ಅಲ್ಲಿಯ ಕೃಷಿ ಅಧಿಕಾರಿಗಳೇ ಕೇಳುತ್ತಾರೆ, ಮಣ್ಣಿಗೆ ಸೇರಿಸಿ ಎನ್ನುತ್ತಾರೆ.

ಅವರ ಬಾಳು ಹಸನಾಗಿದೆ ಎಂದು ಇಷ್ಟಕ್ಕೇ ತೀರ್ಮಾನಿಸಬೇಡಿ. ಗೊಚಾಂಗ್ ನಮ್ಮ ಒಂದು ತಾಲ್ಲೂಕಿನಷ್ಟು ಅಗಲ, ಜನ ಸುಮಾರು 50 ಸಾವಿರ. 2011ರ ಗಣತಿಯಲ್ಲಿ ಗಂಗಾವತಿ ಪಟ್ಟಣವೊಂದರಲ್ಲೇ ಒಂದು ಲಕ್ಷ ದಾಟಿತ್ತು. ಕೊರಿಯಾದ ರೈತ ಕುಟುಂಬಗಳ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 65 ದಾಟಿದವರು. ಹಳ್ಳಿಯ ಸಮುದಾಯ ಭವನದಲ್ಲಿ ಮಧ್ಯಾಹ್ನ ಅಜ್ಜಿಯರೆಲ್ಲ ಸೇರಿ ಅಡುಗೆ ಮಾಡಿ ಉಣ್ಣುತ್ತಾರೆ, ನೆಲ ಬೆಚ್ಚಗಿರುತ್ತದೆ, ಟಿವಿ ಓಡುತ್ತಿರುತ್ತದೆ. ಮಕ್ಕಳ ಸದ್ದಿಲ್ಲ. ಇನ್ನು ಅಕ್ಕಿ: 1970ರಲ್ಲಿ ತಲೆಗೆ ವರ್ಷಕ್ಕೆ 136 ಕೆಜಿ ಉಣ್ಣುತ್ತಿದ್ದವರು 2023ರಲ್ಲಿ 56 ಕೆಜಿಗೆ ಇಳಿದಿದ್ದಾರೆ. ಅಕ್ಕಿ ಉಳಿಯುತ್ತಿದೆ. ಭತ್ತ ಬಿಟ್ಟು ಸೋಯಾ, ಮೇವು ಹಾಕಿ ಎಂದು ಸರಕಾರವೇ ಹಣ ಕೊಡುತ್ತಿದೆ. ಹೊಟ್ಟೆಗಿಲ್ಲದ ಕಾಲದಲ್ಲಿ ನಮ್ಮ ಹಿರಿಯರೂ ಹಾಕಿದ ಐಆರ್-8 ತಳಿಯ ರಕ್ತ ಸೇರಿಸಿ ‘ತೊಂಗಿಲ್’ ಭತ್ತ ತಂದು, 1970ರ ದಶಕದಲ್ಲಿ ಅಕ್ಕಿಯ ಸ್ವಾವಲಂಬನೆ ಮುಟ್ಟಿದ ದೇಶ ಅದು.

ಮೇಡಂ, ನಮ್ಮ ಹಿರೇಬೆಣಕಲ್ ಗುಡ್ಡದ ಮೊರೇರ ಮನೆ ಎಂಬ ಶಿಲಾಸಮಾಧಿಗಳಂಥವು ಅಲ್ಲೂ ಇವೆಯಂತೆ. ನಿಜವೇ? ಒಂದೇ ಜನ ಕಟ್ಟಿದ್ದೇ?
— ಹೈಸ್ಕೂಲ್ ಶಿಕ್ಷಕ, ಕೊಪ್ಪಳ

ಮೊದಲ ಪ್ರಶ್ನೆಗೆ ಹೌದು, ಎರಡನೆಯದಕ್ಕೆ ಆಧಾರವಿಲ್ಲ. ಸತ್ತವರಿಗೆ ದೊಡ್ಡ ಕಲ್ಲು ನಿಲ್ಲಿಸಿದ ಜನ ಯುರೋಪಿನಲ್ಲೂ ಇದ್ದರು, ಕೇರಳದಲ್ಲೂ ಇದ್ದರು.

ಗೊಚಾಂಗ್‌ಗೆ ಹೋಗಲು ನನಗಿದ್ದ ದೊಡ್ಡ ನೆಪವೇ ಅದು. ಊರ ಪಕ್ಕದ ಗುಡ್ಡದ ಬುಡದಲ್ಲಿ 440ಕ್ಕೂ ಹೆಚ್ಚು ಶಿಲಾಸಮಾಧಿಗಳು ಸಾಲಾಗಿ ಕೂತಿವೆ. ಹ್ವಾಸುನ್, ಗಾಂಗ್ಹ್ವಾ ತಾಣಗಳೊಂದಿಗೆ ಇವು 2000ದಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದವು. ನಮ್ಮವು ಚಪ್ಪಡಿ ನಿಲ್ಲಿಸಿ, ಒಂದು ಚಪ್ಪಡಿಯಲ್ಲಿ ದುಂಡಗೆ ಕಿಂಡಿ ಕೊರೆದು, ಮೇಲೆ ಹಾಸುಗಲ್ಲು ಹೊದಿಸಿದ ಕೋಣೆಗಳು. ಅಲ್ಲಿ ಬಹುಪಾಲು ಗಿಡ್ಡ ಕಲ್ಲುಗಳ ಮೇಲೆ ಕೂತ ದಪ್ಪ ಬಂಡೆ. ನಮ್ಮಂತೆ ಚಪ್ಪಡಿ ನಿಲ್ಲಿಸಿದವೂ ನಡುನಡುವೆ ಸಿಗುತ್ತವೆ. ಬಂಡೆಗಳ ತೂಕ 10 ಟನ್‌ನಿಂದ 300 ಟನ್‌ವರೆಗೆ ಎನ್ನುತ್ತಾರೆ. ಬಡಿದರೆ ನಗಾರಿಯಂತೆ ಸದ್ದು ಮಾಡುವ ಬಂಡೆ, ಕಲ್ಲಿನ ನಗಾರಿ, ಮಾತ್ರ ಅವರಲ್ಲಿಲ್ಲ, ಅದು ನಮ್ಮ ಗುಡ್ಡದ್ದೇ.

ವ್ಯತ್ಯಾಸ ಇರುವುದು ಕಲ್ಲಿನಲ್ಲಲ್ಲ, ದಾರಿಯಲ್ಲಿ. ಅಲ್ಲಿ ಮ್ಯೂಸಿಯಂ ಇದೆ, ನಡೆಯಲು ಹಾದಿ ಇದೆ, ಕಾಲು ನೋವಿದ್ದವರಿಗೆ ಕೂತು ಸುತ್ತುವ ಪುಟ್ಟ ಗಾಡಿ ಇದೆ. ಹಿರೇಬೆಣಕಲ್ 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿತು. ಗುಡ್ಡ ಹತ್ತಲು ಇವತ್ತಿಗೂ ಊರಿನ ದನಗಾಹಿ ಹುಡುಗನನ್ನು ಜೊತೆಗೆ ಕರೆದುಕೊಂಡರೇ ಒಳ್ಳೆಯದು. ಗುರುಗಳೇ, ಕೊರಿಯಾಕ್ಕೆ ಹೋಗುವ ಮೊದಲು ನಿಮ್ಮ ಮಕ್ಕಳನ್ನು ಒಮ್ಮೆ ಆ ಗುಡ್ಡ ಹತ್ತಿಸಿ. ಡಿಸೆಂಬರಿನಲ್ಲಿ, ಬೆಳಗಿನ ಹೊತ್ತು. ನೀರು ಒಯ್ಯಿರಿ.

ನಾವು ಲಿಂಗವಂತರು. ಉಪವಾಸ ಬೀಳಬೇಕಾದೀತೇ?
— ಗೃಹಿಣಿ, ಕುಷ್ಟಗಿ

ಇಲ್ಲ ತಾಯಿ, ಆದರೆ ಎಚ್ಚರ ಬೇಕು. ಬರೀ ಸೊಪ್ಪು ಕಾಣುವ ಸಾರಿನ ತಳದಲ್ಲಿ ಒಣಮೀನಿನ ರಸ ಇರುತ್ತದೆ. ಕಿಮ್ಚಿಗೆ, ಅಂದರೆ ಅವರ ಹುದುಗಿಸಿದ ಕೋಸಿನ ಉಪ್ಪಿನಕಾಯಿಗೆ, ಸಾಮಾನ್ಯವಾಗಿ ಉಪ್ಪಿನ ಸಿಗಡಿಯೋ ಮೀನಿನ ರಸವೋ ಬಿದ್ದಿರುತ್ತದೆ. ಅನ್ನದ ಮೇಲೆ ಪಲ್ಯಗಳನ್ನು ಜೋಡಿಸಿ ಕೊಡುವ ಬಿಬಿಂಬಾಪ್‌ನಲ್ಲಿ ಮಾಂಸ, ಮೊಟ್ಟೆ ಬೇಡ ಎಂದು ಮೊದಲೇ ಹೇಳಿಸಿ, ಫೋನಿನಲ್ಲಿ ಕೊರಿಯನ್ ಅಕ್ಷರದಲ್ಲಿ ಬರೆಸಿಕೊಂಡು ತೋರಿಸಿದರೆ ಸಾಕು. ಗೊಚಾಂಗ್‌ನಲ್ಲೇ ಸೊನುನ್ಸಾ ಎಂಬ ಹಳೆಯ ಬೌದ್ಧ ಮಠವಿದೆ, ಹಿಂದೆ ಕಮೆಲಿಯಾ ಹೂವಿನ ತೋಪು. ಮಠದ ಊಟದಲ್ಲಿ ಮಾಂಸ, ಮೀನು ಇರಲಿ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ರಾತ್ರಿ ತಂಗುವ ಏರ್ಪಾಡೂ ಉಂಟು. ಆ ಊಟ ನಮ್ಮ ಮಠದ ದಾಸೋಹಕ್ಕೆ ಹತ್ತಿರ ಎಂದು ನಾನು ಅಂದೆ, ಖಾರ ಎಲ್ಲಿ ಎಂದು ನಮ್ಮ ಮನೆಯವರು ಕೇಳಿದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕಟ್ಟಿಕೊಳ್ಳಿ. ಹಣ್ಣು, ಬೀಜ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ.

ನಾವು ಬ್ಯಾಡಗಿ ತಳಿ ಹಾಕ್ತೀವಿ. ಅವರು ಮೆಣಸಿನಕಾಯಿ ಭಾಳ ತಿಂತಾರಂತ. ಅಲ್ಲಿಗೆ ಕಳಸಬಹುದೇನ್ರಿ?
— ರೈತ, ಸಿರುಗುಪ್ಪ

ಆಸೆ ಸರಿಯಾದದ್ದೇ. ಅವರಿಗೂ ಬೇಕಿರುವುದು ಬಣ್ಣ ಜಾಸ್ತಿ, ಖಾರ ಹದ, ಚೂರು ಸಿಹಿ. ಮೆಣಸಿನ ಪುಡಿಯನ್ನು ಅಂಟಕ್ಕಿ, ಹುದುಗಿಸಿದ ಸೋಯಾ ಪುಡಿ, ಉಪ್ಪಿನೊಂದಿಗೆ ಮಣ್ಣಿನ ಗಡಿಗೆಯಲ್ಲಿ ತಿಂಗಳುಗಟ್ಟಲೆ ಇಟ್ಟು ಗೊಚುಜಾಂಗ್ ಎಂಬ ಖಾರದ ಗೊಜ್ಜು ಮಾಡುತ್ತಾರೆ. ಗೊಚಾಂಗ್ ಇರುವ ಪ್ರಾಂತದ್ದೇ ಆದ ಸುನ್‌ಚಾಂಗ್ ಇದಕ್ಕೇ ಹೆಸರಾದ ಊರು. ಆದರೆ ಒಣ ಮೆಣಸಿನಕಾಯಿ ಆಮದಿಗೆ ಅವರು ಹಾಕುವ ಸುಂಕ ಶೇ 270! ತಮ್ಮ ರೈತನನ್ನು ಕಾಯುವ ಗೋಡೆ ಅದು. ಇದನ್ನು ದಾಟಲು ಚೀನಾದವರು ಸುಂಕ ಕಡಿಮೆಯಿರುವ ಫ್ರೋಜನ್ ಕಾಯಿ ಕಳಿಸುತ್ತಾರೆ. ನಿಮ್ಮ ಕೈಲಾಗುವುದು ಬೇರೆ ಇದೆ. ಅಲ್ಲಿ ಬಿಸಿಲಿಗೆ ಒಣಗಿಸಿದ ಕಾಯಿಗೆ ಮಷಿನ್ನಿನಲ್ಲಿ ಒಣಗಿಸಿದ್ದಕ್ಕಿಂತ ರೇಟು ಹೆಚ್ಚು, ಆದರೆ ನೆಲದ ಧೂಳು ತಾಗಗೊಡುವುದಿಲ್ಲ. ತೊಳೆದು, ಪ್ಲಾಸ್ಟಿಕ್ ಮನೆಯೊಳಗೆ ಹರವುತ್ತಾರೆ. ಕಾಯಿಕೊಳೆ ರೋಗ ಅವರನ್ನೂ ಬಿಟ್ಟಿಲ್ಲ, ಜುಲೈ ಮಳೆಗೆ ತೋಟಕ್ಕೆ ತೋಟವೇ ಹೋಗುತ್ತದೆ. ನಿಮಗಿರುವ ಜನವರಿ ಬಿಸಿಲು ಅವರಿಗೆ ಕನಸು.

ಯಾವಾಗ, ಹೇಗೆ ಹೋಗಬೇಕು?
— ಬಳ್ಳಾರಿ, ಹೊಸಪೇಟೆ, ಲಿಂಗಸುಗೂರಿನಿಂದ ಹಲವರು

ಏಪ್ರಿಲ್ ಕೊನೆಯಿಂದ ಮೇ ನಡುವಿನತನಕ ಗೊಚಾಂಗ್‌ನ ದಿಬ್ಬಗಳ ಮೇಲೆ ಹಸಿರು ಬಾರ್ಲಿ, ಅಕ್ಟೋಬರಿನಲ್ಲಿ ಕಟಾವು. ಜುಲೈ ಮಳೆ, ಜನವರಿ ಹಿಮ ನಮ್ಮವರಿಗಲ್ಲ. ವೀಸಾ ಬೇಕೇ ಬೇಕು. ಸೋಲ್‌ನಿಂದ ನೇರ ಬಸ್ಸಿದೆ, ಮೂರು ತಾಸಿನ ಮೇಲೆ. ರೈಲಾದರೆ ಕೆಟಿಎಕ್ಸ್ ಎಂಬ ವೇಗದ ಗಾಡಿಯಲ್ಲಿ ಜೊಂಗಪ್‌ವರೆಗೆ, ಮುಂದೆ ಬಸ್ಸು. ಹಳ್ಳಿ ಬಸ್ಸುಗಳು ದಿನಕ್ಕೆ ಬೆರಳೆಣಿಕೆ, ಸಂಜೆ ಬೇಗ ನಿಲ್ಲುತ್ತವೆ. ಗೂಗಲ್ ಮ್ಯಾಪ್ ನಂಬಬೇಡಿ, ಕೊರಿಯಾದವರದ್ದೇ ಆದ ನೇವರ್ ಮ್ಯಾಪ್ ಹಾಕಿಕೊಳ್ಳಿ. ಸಂತೆ ಅಲ್ಲಿ ವಾರಕ್ಕಲ್ಲ, ಐದು ದಿನಕ್ಕೊಮ್ಮೆ. ತಾರೀಖಿನ ಕೊನೆಯ ಅಂಕಿಯಿಂದ ಗೊತ್ತಾಗುತ್ತದೆ. ಸಂತೆ ದಿನ ನೋಡಿಕೊಂಡು ಹೋಗಿ, ಅಜ್ಜಿಯರು ನೆಲದ ಮೇಲೆ ಸೊಪ್ಪು ಹರವಿಕೊಂಡು ಕೂತಿರುತ್ತಾರೆ. ಚೌಕಾಸಿ ಮಾಡಬೇಡಿ, ನಾಚಿಕೆಗೇಡು.

ಅಮ್ಮಾ, ಕೊರಿಯಾದ ತೋಟದಾಗ ಕೆಲಸ ಕೊಡಸ್ತೀನಿ, ತಿಂಗಳಿಗೆ ಒಂದೂವರೆ ಲಕ್ಷ ಅಂತ ಏಜೆಂಟ್ ಒಬ್ಬ ನಾಲ್ಕು ಲಕ್ಷ ಕೇಳ್ಯಾನ. ಹೊಲ ಅಡವಿಡಲೇನು?
— ಡಿಪ್ಲೊಮಾ ಮುಗಿಸಿದ ಯುವಕ, ಮಾನ್ವಿ

ಇಡಬೇಡಪ್ಪ. ಕೊರಿಯಾದ ತೋಟ, ಕಾರ್ಖಾನೆಗಳಿಗೆ ಹೊರದೇಶದ ಕೂಲಿಕಾರರನ್ನು ತರುವ ಸರಕಾರಿ ಪರ್ಮಿಟ್ ವ್ಯವಸ್ಥೆ 2004ರಿಂದ ಇದೆ. ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶ, ವಿಯೆಟ್ನಾಂ, ಕಾಂಬೋಡಿಯಾ ಆ ಪಟ್ಟಿಯಲ್ಲಿವೆ, ಭಾರತ ಇಲ್ಲ. ಅದೂ ಸರಕಾರದಿಂದ ಸರಕಾರಕ್ಕೆ ನಡೆಯುವ ವ್ಯವಹಾರ, ಪರೀಕ್ಷೆ ಬರೆದು ಹೋಗಬೇಕು, ನಡುವೆ ಏಜೆಂಟನಿಗೆ ಜಾಗವಿಲ್ಲ. ಅವನು ಕೊಡಿಸುವುದು ಪ್ರವಾಸಿ ವೀಸಾ. ಅದರ ಮೇಲೆ ದುಡಿದು ಸಿಕ್ಕಿಬಿದ್ದರೆ ಗಡಿಪಾರು. ನಮ್ಮ ಕೇಂದ್ರ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಹೆಸರುಗಳಿವೆ, ಅವನ ಹೆಸರು ಅಲ್ಲಿದೆಯೇ ನೋಡು. ನೋಂದಾಯಿತನಾದರೂ ಕಾನೂನು ಪ್ರಕಾರ ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30 ಸಾವಿರ ರೂಪಾಯಿ ಮತ್ತು ತೆರಿಗೆ. ಮುಂಗಡ ಕೊಟ್ಟಾಗಿದ್ದರೆ ರಸೀದಿ, ಫೋನ್‌ಪೇ ದಾಖಲೆ ಹಿಡಿದು ಮೊದಲು ಠಾಣೆಗೆ ಹೋಗು. ಮನೆಯಲ್ಲಿ ಅಪ್ಪನಿಗೆ ಇವತ್ತೇ ಹೇಳು.