ಡಚ್ಚರು ಹೊಸಬರಿಗೆ ಮತ ಹಾಕುವುದೇಕೆ?

ಧಾರವಾಡದ ಓದುಗರೊಬ್ಬರ ಪತ್ರ: ‘ಮಗ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದಾನೆ. ಅಲ್ಲಿ ಚುನಾವಣೆಗೊಂದು ಹೊಸ ಪಕ್ಷ ನಾಯಿಕೊಡೆಯಂತೆ ಎದ್ದು, ಮುಂದಿನ ಸಲ ಮಾಯವಾಗುತ್ತದಂತೆ. ಓದಿಕೊಂಡ, ಉಂಡುಟ್ಟು ಸುಖವಾಗಿರುವ ಜನ ಇಂಥ ಅಬ್ಬರದವರನ್ನು ಯಾಕೆ ನಂಬುತ್ತಾರೆ?’

ಮಾನ್ಯರೇ, ಸಿಟ್ಟಿನ ಮಾತು ಆಮೇಲೆ. ಮೊದಲು ಲೆಕ್ಕ ನೋಡೋಣ. ಡಚ್ ಕೆಳಮನೆಗೆ 150 ಸ್ಥಾನ. ಇಡೀ ದೇಶದ ಮತ ಕೂಡಿಸಿ ಪಾಲು ಹಂಚುತ್ತಾರೆ. 2023ರಲ್ಲಿ ಸುಮಾರು 70 ಸಾವಿರ ಮತಕ್ಕೆ ಒಂದು ಸ್ಥಾನ. ಜರ್ಮನಿಯ ಹಾಗೆ ಕನಿಷ್ಠ ಶೇ 5 ಮತ ಬೇಕೆಂಬ ಕಟ್ಟಳೆ ಇಲ್ಲ. ನಮ್ಮ ಲೋಕಸಭಾ ಚುನಾವಣೆಯಲ್ಲಿ ಶೇ 10 ಮತ ಎಲ್ಲ ಕ್ಷೇತ್ರಗಳಿಗೂ ಸಮನಾಗಿ ಚದುರಿದರೆ ಎಲ್ಲ ಕಡೆ ಠೇವಣಿ ಹೋಗುತ್ತದೆ. ಅಲ್ಲಿ ಅಷ್ಟಕ್ಕೇ 15 ಸ್ಥಾನ. ಹೊಸ ಪಕ್ಷ 11,250 ಯೂರೊ ಠೇವಣಿ ಕಟ್ಟಿ, 580 ಬೆಂಬಲಿಗರಿಂದ ಪುರಸಭೆ ಕಚೇರಿಯಲ್ಲಿ ಖುದ್ದು ಸಹಿ ಹಾಕಿಸಿದರೆ ದೇಶದ ಎಲ್ಲ ಮತಪತ್ರಗಳಲ್ಲೂ ಅದರ ಪಟ್ಟಿ ಇರುತ್ತದೆ. 2023ರ ಮತಪತ್ರದಲ್ಲಿ 26 ಪಟ್ಟಿಗಳಿದ್ದವು. ಮೇಜುಬಟ್ಟೆಯಂಥ ಆ ಹಾಳೆಯನ್ನು ಬಿಡಿಸಿಕೊಂಡು ಒಂದು ಹೆಸರಿನ ಮುಂದಿನ ವೃತ್ತಕ್ಕೆ ಕೆಂಪು ಪೆನ್ಸಿಲ್‌ನಿಂದ ಬಣ್ಣ ತುಂಬಬೇಕು. ಹೊಸಬರಿಗೆ ಹಾಕಿದರೆ ಮತ ಹಾಳಾಯಿತೆಂಬ ಅಳುಕು ಅಲ್ಲಿಯವರಿಗೆ ಕಡಿಮೆ.

ಇನ್ನು ಸಿಟ್ಟು. ಮಕ್ಕಳ ಪಾಲನೆಗೆ ಸರ್ಕಾರ ಕೊಡುವ ಭತ್ಯೆಯ ವಿಷಯದಲ್ಲಿ, ಒಂದು ಸಹಿ ಬಿಟ್ಟುಹೋದ ತಪ್ಪಿಗೂ ತೆರಿಗೆ ಇಲಾಖೆ ಸಾವಿರಾರು ತಂದೆತಾಯಿಯರನ್ನು ವಂಚಕರೆಂದು ಬಗೆದು, ಕೊಟ್ಟ ಹಣವನ್ನೆಲ್ಲ ವಾಪಸ್ ಕೇಳಿತು. 2021ರ ಜನವರಿಯಲ್ಲಿ ಸರ್ಕಾರವೇ ರಾಜೀನಾಮೆ ಕೊಟ್ಟಿತು; ಆದರೆ ಅದೇ ಮಾರ್ಕ್ ರುಟ್ಟೆ ಮತ್ತೆ ಪ್ರಧಾನಿಯಾದರು! ಹಗರಣ ಬಯಲಿಗೆಳೆದವರಲ್ಲಿ ಒಬ್ಬರಾದ ಪೀಟರ್ ಓಮ್ಟ್‌ಸಿಖ್ತ್ 2023ರ ಆಗಸ್ಟ್‌ನಲ್ಲಿ ಪಕ್ಷ ಕಟ್ಟಿ, ನವೆಂಬರ್‌ನಲ್ಲಿ 20 ಸ್ಥಾನ ಗೆದ್ದರು.

ಹಳ್ಳಿಗಳ ಸಿಟ್ಟು ಬೇರೆ. 2022ರಲ್ಲಿ ಸರ್ಕಾರ, ದನಗಳ ಸಗಣಿ-ಗಂಜಲದಿಂದಲೂ ಹೊಮ್ಮುವ ಸಾರಜನಕವನ್ನು ತಗ್ಗಿಸುವ ನಕ್ಷೆ ಹೊರಡಿಸಿತು. ಸಂರಕ್ಷಿತ ಪ್ರದೇಶಗಳ ಅಂಚಿನಲ್ಲಿ ಕೆಲವೆಡೆ ಶೇ 95ರವರೆಗೆ ಕಡಿತ. ಅಂದರೆ ಕೊಟ್ಟಿಗೆ ಮುಚ್ಚು ಎಂದೇ ಅರ್ಥ. ರಸ್ತೆ ಪಕ್ಕದ ಕಂಬಗಳಲ್ಲಿ ರಾಷ್ಟ್ರಧ್ವಜಗಳು ತಲೆಕೆಳಗಾದವು. ಮರುವರ್ಷ ‘ರೈತ-ನಾಗರಿಕ ಚಳವಳಿ’ ಪಕ್ಷ ಮೇಲ್ಮನೆಯ 75ರಲ್ಲಿ 16 ಸ್ಥಾನ ಪಡೆಯಿತು. ರೈತರಷ್ಟರಿಂದಲೇ ಇದಾಗದು, ಅವರ ಸಂಖ್ಯೆ ಅಷ್ಟಿಲ್ಲ. ಸರ್ಕಾರ ನಮ್ಮನ್ನು ಲೆಕ್ಕಕ್ಕಿಟ್ಟಿಲ್ಲ ಎಂದವರೆಲ್ಲ ಸೇರಿದರು.

ವಲಸೆ ವಿರೋಧಿ ನಾಯಕ ಗೀರ್ಟ್ ವಿಲ್ಡರ್ಸ್ ಅವರನ್ನು ಮಾತ್ರ ಹೊಸಬರೆನ್ನಬೇಡಿ, 1998ರಿಂದ ಸಂಸತ್ತಿನಲ್ಲಿದ್ದಾರೆ. 2023ರಲ್ಲಿ ಅವರ ಪಕ್ಷ 17ರಿಂದ 37ಕ್ಕೆ ಜಿಗಿಯಲು ವಲಸೆಯ ವಿಷಯದಷ್ಟೇ ದೊಡ್ಡ ಕಾರಣ ಎದುರಾಳಿಯ ಒಂದು ಮಾತು ಎಂದು ನನ್ನ ಅಂದಾಜು. ರುಟ್ಟೆ ನಂತರ ಅವರ ಪಕ್ಷದ ನಾಯಕಿಯಾದ ಡಿಲಾನ್ ಯೆಶಿಲ್ಗೋಜ್ ಅವರು ವಿಲ್ಡರ್ಸ್ ಜತೆ ಮೈತ್ರಿಯ ಬಾಗಿಲು ಮುಚ್ಚಲಿಲ್ಲ. ಹಿಂಜರಿಯುತ್ತಿದ್ದ ಮತದಾರರು, ವಿಲ್ಡರ್ಸ್ ಸರ್ಕಾರದಲ್ಲೇ ಇರಬಹುದೆಂದ ಮೇಲೆ, ನಕಲಿಗಿಂತ ಅಸಲೇ ಇರಲಿ ಎಂದುಕೊಂಡರು.

ಮಾಯವಾಗುವುದು ಯಾಕೆಂದರೆ, ಮತ ಸಿಕ್ಕಷ್ಟು ಬೇಗ ಆಳು ಸಿಗುವುದಿಲ್ಲ. ಪಿಮ್ ಫೋರ್ಟೌನ್ ಕಟ್ಟಿದ ಪಕ್ಷ, ಅವರ ಹತ್ಯೆಯಾಗಿ ಒಂಬತ್ತೇ ದಿನಕ್ಕೆ, 2002ರ ಮೇ 15ರಂದು 26 ಸ್ಥಾನ ಗೆದ್ದಿತು. ತರಾತುರಿಯಲ್ಲಿ ಪಟ್ಟಿಗೆ ಸೇರಿಸಿಕೊಂಡವರು ಒಳಜಗಳಕ್ಕೆ ಬಿದ್ದರು, ಮಂತ್ರಿಗಳೂ ಕಿತ್ತಾಡಿದರು. ಸರ್ಕಾರ ಮೂರು ತಿಂಗಳು ತುಂಬುವುದರೊಳಗೆ ಬಿತ್ತು. ಮರುವರ್ಷ ಉಳಿದದ್ದು 8. ಓಮ್ಟ್‌ಸಿಖ್ತ್ ರಾಜಕೀಯ ಬಿಟ್ಟರು. 2025ರ ಅಕ್ಟೋಬರ್‌ನಲ್ಲಿ ಅವರ ಪಕ್ಷಕ್ಕೆ ಸೊನ್ನೆ. ಆ ಮತದಾರರು ಮನೆಯಲ್ಲೇನೂ ಕೂರಲಿಲ್ಲ, ಪಕ್ಕದ ಪಟ್ಟಿಗೆ ಹೋದರು.

ನಿಮ್ಮ ಮಗ ಅಲ್ಲಿ ಕಾನೂನುಬದ್ಧವಾಗಿ ನೆಲೆಸಿ ಸತತ ಐದು ವರ್ಷವಾಗಿದ್ದರೆ, ಡಚ್ ಪೌರತ್ವ ಇಲ್ಲದಿದ್ದರೂ ಪುರಸಭೆ ಚುನಾವಣೆಯಲ್ಲಿ ಮತ ಹಾಕಬಹುದು, ಕೆಳಮನೆಗೆ ಆಗದು.

—ಸಂ.