ಒಂದೇ ಸಾಲಿನ ದಿನಚರಿಗೆ ಚಿತ್ರ ಸೇರಿದಾಗ

ಶಿರಸಿ ತಾಲೂಕಿನ ಒಂದು ತೋಟದ ಮನೆಯ ಗೃಹಿಣಿ, ವಯಸ್ಸು ಐವತ್ತರ ಆಸುಪಾಸು. ಇಲ್ಲಿ ಅವರನ್ನು ಸಾವಿತ್ರಿ ಎಂದು ಕರೆಯೋಣ. ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದೆ. ಬರೆಯಲು ಅವರ ಒಪ್ಪಿಗೆ ಇದೆ. ಮಗ, ಮಗಳು ಇಬ್ಬರೂ ಬೆಂಗಳೂರಿನಲ್ಲಿ. ಮನೆಯಲ್ಲಿ ಗಂಡ, ಮತ್ತು ಮರೆವಿನ ಕಾಯಿಲೆ ಇರುವ ಅತ್ತೆ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಸಣ್ಣದಕ್ಕೂ ಸಿಟ್ಟು ಎಂದು ಸಲಹೆಗಾಗಿ ನನ್ನ ಬಳಿ ಬಂದಿದ್ದರು. ಮಾತಿನ ನಡುವೆ ಹೇಳಿದರು: “ದಿನಾ ಡೈರಿ ಬರೀತೇನೆ ಮೇಡಂ. ಬರೆದ್ರೆ ಮನಸ್ಸು ಹಗುರ ಆಗ್ತದೆ ಹೇಳ್ತಾರಲ್ಲ, ನನಗೆ ಬರೆದಷ್ಟೂ ಭಾರವೇ ಆಗ್ತದೆ.”

ಮುಂದಿನ ಸಲ ಡೈರಿ ತಂದು ತಾವಾಗಿಯೇ ತೋರಿಸಿದರು. ಸೊಸೈಟಿಯಲ್ಲಿ ಕೊಟ್ಟ ಡೈರಿ, ದಿನಕ್ಕೊಂದು ಪುಟ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಾಸಿಗೆಯಲ್ಲೇ ಕೂತು ಬರೆಯುತ್ತಿದ್ದರು. “ಇವತ್ತೂ ಕಳ್ಳಿ ಅಂದರು. ಯಾರೂ ನನ್ನ ಪರ ಮಾತಾಡಲಿಲ್ಲ. ಎಲ್ಲಾ ನಾನೇ ಮಾಡಬೇಕು.” ಪುಟ ಮಗುಚಿದರೂ ತಾರೀಕು ಮಾತ್ರ ಬೇರೆ, ಸಾಲು ಇದೇ. ಕೆಲವು ಕಡೆ ಪೆನ್ನು ಒತ್ತಿದ ಗುರುತು ಹಿಂದಿನ ಹಾಳೆಯಲ್ಲೂ ಎದ್ದಿತ್ತು. ಅತ್ತೆಯ ಪಾಟಲಿ ಬಳೆ ಕಪಾಟಿನಲ್ಲೇ ಇದೆ. ಆದರೂ ಸೊಸೆ ಕದ್ದಿದ್ದಾಳೆ ಎಂದು ಆ ಹಿರಿಯರು ದಿನವೂ ಕೂಗಾಡುತ್ತಾರೆ.

ದಿನಚರಿಯ ವಿಷಯಕ್ಕೆ ಕೈ ಹಾಕುವ ಮೊದಲು ಮಾಡಬೇಕಾದ ಕೆಲಸಗಳಿದ್ದವು. ಬದುಕು ಬೇಡ ಅನ್ನಿಸಿದ್ದುಂಟೇ ಎಂದು ನೇರವಾಗಿ ಕೇಳಿದ್ದಾಯಿತು. ಸುಸ್ತಾಗುತ್ತದೆ, ಅಂಥ ಯೋಚನೆ ಬಂದಿಲ್ಲ ಎಂದರು. ಬಂದಿದೆ ಎಂದಿದ್ದರೆ ದಿನಚರಿಯ ಮಾತು ಬದಿಗಿಟ್ಟು ಅಂದೇ ಮನೋವೈದ್ಯರ ಬಳಿ ಕಳಿಸಬೇಕಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಬೇಕಾದರೆ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಟ್ಟೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಥೈರಾಯ್ಡ್ ಮತ್ತು ರಕ್ತದ ಪರೀಕ್ಷೆಗೂ ಹೇಳಿದೆ. ಈ ವಯಸ್ಸಿನಲ್ಲಿ ಸುಸ್ತು, ನಿದ್ದೆಗೇಡು ಎಂದರೆ ಎಲ್ಲವೂ ಮನಸ್ಸಿನದೇ ಎಂದು ತೀರ್ಮಾನಿಸಬಾರದು.

ಇನ್ನೊಂದು ವಿಷಯ ಗಂಡನನ್ನೂ ಕೂರಿಸಿಕೊಂಡು ವಿವರಿಸಬೇಕಾಯಿತು. ವಸ್ತು ಇಟ್ಟ ಜಾಗ ಮರೆಯುತ್ತದೆ, ಮರೆತದ್ದೇ ನೆನಪಿರುವುದಿಲ್ಲ, ಹಾಗಾಗಿ ಯಾರೋ ಕದ್ದರು ಎಂದೇ ಮಿದುಳು ನಂಬುತ್ತದೆ. ಮರೆವಿನ ಕಾಯಿಲೆಯಲ್ಲಿ ಕಳ್ಳತನದ ಆರೋಪ ಬಹಳ ಸಾಮಾನ್ಯ, ಅದೂ ಹತ್ತಿರ ಇದ್ದು ನೋಡಿಕೊಳ್ಳುವವರ ಮೇಲೇ ಹೆಚ್ಚು. ವಾದ ಮಾಡಿದರೆ ಸಿಟ್ಟು ಏರುತ್ತದೆ. “ಹೌದಾ ಅತ್ತೆ, ಹುಡುಕುವಾ ಬನ್ನಿ” ಎಂದು ಜೊತೆಗೆ ಹುಡುಕಿ, ಸಿಕ್ಕ ಮೇಲೆ ಬೇರೆ ಮಾತಿಗೆ ತಿರುಗಿಸುವುದು ಒಳ್ಳೆಯದು.

ಈಗ ಡೈರಿ. ನೋವನ್ನು ಬರೆದರೆ ಒಳ್ಳೆಯದಾಗುತ್ತದೆ ಎಂಬ ಮಾತಿಗೆ ಆಧಾರ ಇದೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಬರೆದದ್ದು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಅಷ್ಟೇ. ಬರೆದ ಕೂಡಲೇ ಅವರಿಗೆ ಬೇಸರ ಹೆಚ್ಚಿತ್ತು. ಪ್ರಯೋಜನ ಕಂಡದ್ದು ಆಮೇಲಿನ ತಿಂಗಳುಗಳಲ್ಲಿ. ಬರೆಯುತ್ತ ಹೋದಂತೆ “ಏಕೆಂದರೆ”, “ಈಗ ಅರ್ಥವಾಯಿತು” ಎಂಬಂಥ ಮಾತು ಹೆಚ್ಚಿದವರಿಗೆ ಲಾಭವೂ ಹೆಚ್ಚು ಎಂದು ಮುಂದಿನ ಅಧ್ಯಯನಗಳಲ್ಲಿ ಕಂಡಿತು. ಸಾವಿತ್ರಿಯವರ ಬರವಣಿಗೆಗೆ ಕೊನೆಯೂ ಇರಲಿಲ್ಲ, “ಏಕೆಂದರೆ”ಯೂ ಇರಲಿಲ್ಲ. ಮಳೆಗಾಲದ ಕೆಸರಲ್ಲಿ ಜೀಪಿನ ಗಾಲಿ ನಿಂತಲ್ಲೇ ತಿರುಗಿದಷ್ಟೂ ಗುಂಡಿ ಆಳವಾಗುವ ಹಾಗೆ, ಅದೇ ಸಾಲು ಬರೆದಷ್ಟೂ ಅದೇ ಯೋಚನೆ ಗಟ್ಟಿಯಾಗುತ್ತಿತ್ತು. ಜೊತೆಗೆ, ಮಲಗುವ ಹೊತ್ತಿಗೆ ಜಗಳವನ್ನೆಲ್ಲ ಮತ್ತೊಮ್ಮೆ ಎದುರಿಗೆ ತಂದುಕೊಂಡರೆ ನಿದ್ದೆ ಹೇಗೆ ಬಂದೀತು? ಡೈರಿ ಬಿಡಿ ಎಂದು ಹೇಳಲಿಲ್ಲ. ಬರೆಯುವ ಅಭ್ಯಾಸ ಇದ್ದದ್ದೇ ದೊಡ್ಡ ಆಸ್ತಿ; ಅದರ ಹೊತ್ತು, ಕ್ರಮ, ಸಾಮಾನು ಬದಲಿಸಿ, ಬರಹದ ಜೊತೆ ಒಂದು ಚಿತ್ರವನ್ನೂ ಸೇರಿಸಿದೆವು.

ಸಾಮಾನಿನಿಂದ ಶುರು ಮಾಡುತ್ತೇನೆ, ಏಕೆಂದರೆ ನಮ್ಮ ಕಡೆ ದಿನಚರಿ ಅರ್ಧಕ್ಕೆ ನಿಲ್ಲುವುದು ಎಷ್ಟೋ ಸಲ ಇದರಿಂದಲೇ. ತಾರೀಕು ಅಚ್ಚಾದ ಡೈರಿ ಬೇಡ. ಖಾಲಿ ಬಿಟ್ಟ ಪುಟ ಅಪರಾಧದ ಹಾಗೆ ಕಾಣುತ್ತದೆ. ಗೆರೆ ಇಲ್ಲದ ಎ5 ಅಳತೆಯ ಪುಸ್ತಕ, ಹಾಳೆ 100 ಜಿಎಸ್ಎಂಗೆ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ) ಕಡಿಮೆ ಇರಬಾರದು. ಶಾಲೆಯ ನೋಟ್‌ಬುಕ್ಕಿನ ತೆಳು ಹಾಳೆ ಜೂನ್ ಬಂತೆಂದರೆ ಥಂಡಿ ಹಿಡಿದು ಮೆತ್ತಗಾಗುತ್ತದೆ, ಜೆಲ್ ಪೆನ್ನಿನ ಶಾಯಿ ಹರಡಿ ಹಿಂದಿನ ಪುಟಕ್ಕೆ ಇಳಿಯುತ್ತದೆ. ಪಿನ್ನು ಹೊಡೆದದ್ದಕ್ಕಿಂತ ದಾರದಲ್ಲಿ ಹೊಲಿದದ್ದು ಒಳ್ಳೆಯದು. ಪಿನ್ನಿಗೆ ತುಕ್ಕು ಹಿಡಿದು ನಡುವಿನ ಹಾಳೆಗಳೇ ಕಳಚುತ್ತವೆ, ಕಾರವಾರ, ಕುಮಟೆಯಂಥ ಉಪ್ಪುಗಾಳಿಯ ಊರಲ್ಲಿ ಇನ್ನೂ ಬೇಗ. ಒಂದು 2ಬಿ ಪೆನ್ಸಿಲ್, ಒಂದು ಬಾಲ್ ಪೆನ್, ಆರು ಬಣ್ಣದ ಪೆನ್ಸಿಲ್. ನೀರು ಬಣ್ಣ ಮಳೆಗಾಲದಲ್ಲಿ ಬೇಡ, ಒಣಗದೆ ಪುಟಗಳು ಅಂಟುತ್ತವೆ. ರಬ್ಬರ್ ಬೇಡವೇ ಬೇಡ. ಪುಸ್ತಕ ಇಡಲು ಬಿಗಿ ಮುಚ್ಚಳದ ಡಬ್ಬಿ, ಒಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಟ್ಟರೆ ಬೂಷ್ಟು ಖಂಡಿತ.

ಹೊತ್ತು ಮಧ್ಯಾಹ್ನಕ್ಕೆ ಬಂತು: ಅತ್ತೆ ಮಲಗಿದಾಗ, ಮೂರರ ಚಹಾದ ಮೇಲೆ, 20 ನಿಮಿಷ. ರಾತ್ರಿ ಬರೆಯಲೇಬೇಕೆನಿಸಿದರೆ ನಾಳೆಯ ಕೆಲಸದ ಪಟ್ಟಿ ಮಾತ್ರ.

ಕ್ರಮ ಹೀಗೆ. ತಾರೀಕು, ಹೊತ್ತು, ಮಳೆಯೋ ಬಿಸಿಲೋ ಬರೆಯಬೇಕು. ಕಣ್ಣೆದುರಿನ ಒಂದು ವಸ್ತುವನ್ನು ಎರಡು ನಿಮಿಷ ಸುಮ್ಮನೆ ನೋಡಬೇಕು. ಆಮೇಲೆ ಐದಾರು ನಿಮಿಷ ಅದರ ಅಂಚಿನ ಗೆರೆಯನ್ನು, ಕಣ್ಣು ವಸ್ತುವಿನ ಮೇಲೇ ಇಟ್ಟು, ಪೆನ್ಸಿಲ್ ಆದಷ್ಟು ಎತ್ತದೆ, ಪುಟದ ಮೇಲಿನ ಅರ್ಧದಲ್ಲಿ ಬರೆಯಬೇಕು. ಸೊಟ್ಟ ಬರುತ್ತದೆ, ಬರಲಿ. ಕೆಳಗೆ ಬಾಲ್ ಪೆನ್ನಿನಲ್ಲಿ ಆರು ಸಾಲು: ಮೂರರಲ್ಲಿ ಇಂದು ನಡೆದದ್ದು, ಯಾರು ಯಾವ ಮಾತು ಹೇಳಿದರು ಎಂಬುದು ಇದ್ದ ಹಾಗೆ, ಎರಡರಲ್ಲಿ ಆಗ ಮೈಯಲ್ಲಿ ಏನಾಯಿತು, ಅದಕ್ಕೆ ಸಿಟ್ಟು ಎನ್ನಬೇಕೋ, ಅವಮಾನವೋ, ಹೆದರಿಕೆಯೋ ಎಂಬುದು, ಕೊನೆಯದರಲ್ಲಿ ನಾಳೆ ಮಾಡುವ ಅಥವಾ ಯಾರನ್ನಾದರೂ ಕೇಳುವ ಒಂದು ಕೆಲಸ. “ಯಾವಾಗಲೂ”, “ಯಾರೂ”, “ಎಲ್ಲಾ ನಾನೇ” ಎಂಬ ಮಾತು ಬಂದರೆ ಅಡಿಗೆರೆ ಎಳೆದು, ಮೇಲೆ ಹೆಸರು ಮತ್ತು ಹೊತ್ತು ಬರೆಯಬೇಕು. “ಯಾರೂ ಮಾತಾಡಲಿಲ್ಲ” ಎಂಬಲ್ಲಿ “ಸಂಜೆ ಐದೂವರೆಗೆ ಇವರು ಪೇಪರ್ ಓದುತ್ತಿದ್ದರು, ತಲೆ ಎತ್ತಲಿಲ್ಲ” ಎಂದಾಗುತ್ತದೆ. ಹಾಗೆ ಬರೆದಾಗಲೇ ಯಾರನ್ನು ಏನು ಕೇಳಬೇಕು ಎಂಬುದು ಹೊಳೆಯುತ್ತದೆ.

“ಚಿತ್ರ ನನಗೆ ಬರುವುದಿಲ್ಲ” ಎಂದರು. ದಿನಾ ಬೆಳಿಗ್ಗೆ ಅಂಗಳದಲ್ಲಿ 15ರಿಂದ 8ರ ಚುಕ್ಕಿ ಇಟ್ಟು ರಂಗೋಲಿ ಹಾಕುವ ಕೈ ಅದು. ಮೊದಲ ವಾರ ಪುಟದ ತುಂಬ ರಂಗೋಲಿಯೇ ಬಂತು, ಬಲು ಚೆಂದ. ಆದರೆ ಕೈಗೆ ಪಾಠವಾದ ವಿನ್ಯಾಸ ಹಾಕುವಾಗ ಮನಸ್ಸು ತನ್ನ ಪಾಡಿಗೆ ಹಳೆಯ ಸುತ್ತು ಸುತ್ತುತ್ತದೆ. ಎದೆ ಹೊಡೆದುಕೊಳ್ಳುವಷ್ಟು ಉದ್ವೇಗ ಇರುವ ದಿನ ಹತ್ತು ನಿಮಿಷ ರಂಗೋಲಿ ಒಳ್ಳೆಯ ಮದ್ದು. ಉಳಿದ ದಿನ ಎದುರಿಗಿರುವ ವಸ್ತುವೇ ಬೇಕು, ಅದೂ ಎರಡು ಬದಿ ಒಂದೇ ತರ ಇಲ್ಲದ್ದು. ಮೆಟ್ಟುಗತ್ತಿಯಿಂದ (ಈಳಿಗೆ ಮಣೆ) ಶುರು ಮಾಡಿ ಎಂದೆ. ಅದರ ಬಾಗು, ಮಣೆಗೆ ಸೇರುವಲ್ಲಿನ ಸಂದು ನೋಡದೆ ಗೆರೆ ಎಳೆಯಲು ಆಗುವುದಿಲ್ಲ.

ಮತ್ತೆ ಎಡವಿದ್ದು ಬೇರೆ ಕಡೆ. ಚಿತ್ರ ಚೆನ್ನಾಗಿ ಬರತೊಡಗಿತು, ತಂಗಿಯ ಮಗಳು ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದಳು. ಅಲ್ಲಿಂದ ಸಾವಿತ್ರಿ ಚೆನ್ನಾಗಿ ಬರದ ಪುಟ ಹರಿಯಲು ಶುರು ಮಾಡಿದರು, ಕೆಳಗಿನ ಆರು ಸಾಲಿನಲ್ಲಿ ಅತ್ತೆಯ ಸುದ್ದಿಯೇ ಮಾಯವಾಯಿತು. ನೋಡುವವರಿದ್ದಾರೆ ಎಂದರೆ ಯಾರ ಕೈಯೂ ಹಾಗೆಯೇ. ಫೋಟೋ ಬೇಡ, ಹಾಳೆ ಹರಿಯುವುದು ಬೇಡ ಎಂದು ನಿಶ್ಚಯಿಸಿದೆವು. ಪುಸ್ತಕವನ್ನು ಹಾಸಿಗೆಯಡಿ ಬಚ್ಚಿಟ್ಟರೆ ಕುತೂಹಲ ಹೆಚ್ಚು. “ಇದು ನನ್ನದು, ತೆಗೆಯಬೇಡಿ” ಎಂದು ಮನೆಯವರಿಗೆ ನೇರ ಹೇಳಿಬಿಡುವುದೇ ಸರಿ. ಯಾರೂ ಓದಲೇಬಾರದ ಮಾತಿದ್ದರೆ ಬಿಡಿ ಹಾಳೆಯಲ್ಲಿ ಬರೆದು ಬಚ್ಚಲ ಒಲೆಗೆ ಹಾಕಬಹುದು. ಬರೆದದ್ದರ ಫಲ ಅದರಿಂದ ಕಡಿಮೆಯಾಗುವುದಿಲ್ಲ.

ತಪ್ಪಿದ ದಿನಗಳನ್ನು ಹಿಂದಿನಿಂದ ತುಂಬಿಸಬಾರದು ಎಂಬುದನ್ನೂ ಒತ್ತಿ ಹೇಳಿದೆ. ನಾಲ್ಕು ದಿನದ್ದು ಒಟ್ಟಿಗೆ ಬರೆದರೆ ನೆನಪಿನಲ್ಲಿ ಉಳಿದಿರುವುದು ಜಗಳ ಮಾತ್ರ. ಅಡಿಕೆಯ ಕೊನೆಕೊಯ್ಲಿನ ಗಡಿಬಿಡಿಯಲ್ಲಿ ಮೂರು ನಿಮಿಷದ ಪುಟ ಸಾಕು: ಒಂದು ಸಣ್ಣ ಗೆರೆಚಿತ್ರ, ಒಂದು ಸಾಲು.

ವಾರಕ್ಕೊಮ್ಮೆ ಪುಟ ಮಗುಚಿ ಚಿತ್ರಗಳನ್ನಷ್ಟೇ ನೋಡಲು ಹೇಳಿದ್ದೆ. ಮಾತ್ರೆ ಡಬ್ಬಿ, ಸ್ಟೀಲ್ ಲೋಟ, ಸೊಳ್ಳೆಪರದೆಯ ಗಂಟು, ಮತ್ತೆ ಮಾತ್ರೆ ಡಬ್ಬಿ. ಎಲ್ಲವೂ ಅತ್ತೆಯ ಮಂಚದ ಸುತ್ತಲಿನವೇ ಎಂದು ಅವರೇ ಗುರುತಿಸಿದರು. ಆರನೆಯ ಸಾಲಿಗೆ ಕೆಲಸ ಸಿಕ್ಕಿತು: ರಾತ್ರಿಯ ಮಾತ್ರೆ, ಲೋಟ, ಪರದೆ ಕಟ್ಟುವುದು ಗಂಡನ ಪಾಲಿಗೆ. ಕೇಳಿದ ಮೇಲೆ ಅವರು ಒಪ್ಪಿದರು. ಅದುವರೆಗೆ ಯಾರೂ ಬಿಡಿಸಿ ಕೇಳಿರಲಿಲ್ಲ.

ಪೆನ್ನೆಬೇಕರ್ ಅವರ ನಾಲ್ಕು ದಿನದ ಬರವಣಿಗೆಯನ್ನೂ ಒಂದು ವಿಷಯಕ್ಕೆ ಬಳಸಿದೆವು: ಅತ್ತೆಗಾಗಿ ಬಿಟ್ಟ ಬಾಲವಾಡಿ ಕೆಲಸ. ದಿನಕ್ಕೆ 15 ನಿಮಿಷ, ಬಿಡಿ ಹಾಳೆ, ನಾಲ್ಕನೆಯ ದಿನ ಮುಗಿಸಲೇಬೇಕು. ಬರೆದ ಮೇಲೆ ಒಂದೆರಡು ಗಂಟೆ ಮಂಕಾಗುವುದು ಸಹಜ ಎಂದು ಮೊದಲೇ ತಿಳಿಸಿದ್ದೆ. ಬರೆಯುವಾಗ ತಡೆಯಲಾರೆ ಎನ್ನಿಸಿದರೆ ಆ ಕ್ಷಣವೇ ನಿಲ್ಲಿಸಬೇಕು. ಸಾವು, ಅಪಘಾತದಂಥ ಹೊಸ ಪೆಟ್ಟಿನ ಮೊದಲ ವಾರಗಳಲ್ಲಿ ಇದನ್ನು ಯಾರಿಗೂ ಹೇಳುವುದಿಲ್ಲ.

ಅತ್ತೆ ಈಗಲೂ ಕಳ್ಳಿ ಎನ್ನುತ್ತಾರೆ. ಸಾವಿತ್ರಿಯವರ ನಿದ್ದೆ ಮಾತ್ರ ಸುಧಾರಿಸಿದೆ, ಊಟ ಸೇರುತ್ತದೆ. ಹೊತ್ತು ಬರೆದಿಟ್ಟದ್ದರಿಂದ ಇನ್ನೊಂದು ಉಪಯೋಗವೂ ಆಯಿತು: ಕೂಗಾಟ ಹೆಚ್ಚಿನಂಶ ಸಂಜೆ ಐದರ ನಂತರ. ಮರೆವಿನ ಕಾಯಿಲೆಯವರಲ್ಲಿ ಹೊತ್ತು ಇಳಿಯುವಾಗ ಗೊಂದಲ ಹೆಚ್ಚುವುದು ವೈದ್ಯರಿಗೆ ಪರಿಚಿತ. ನಾಲ್ಕೂವರೆಗೇ ದೀಪ ಹಾಕಿ, ಅತ್ತೆಯನ್ನು ಜಗಲಿಗೆ ಕರೆತಂದು ಕೈಗೆ ಬತ್ತಿ ಹೊಸೆಯುವ ಹತ್ತಿ ಕೊಡಲು ಹೇಳಿದೆ. ಹುಬ್ಬಳ್ಳಿಯ ನರರೋಗ ತಜ್ಞರ ಬಳಿ ಹೋಗುವಾಗ ದಿನಚರಿ ಒಯ್ಯಬೇಕೇ ಎಂದು ಕೇಳಿದರು. ಪುಸ್ತಕ ಬೇಡ. ಬೇರೆ ಹಾಳೆಯಲ್ಲಿ ಕಳೆದ ಒಂದು ತಿಂಗಳ ತಾರೀಕು, ಹೊತ್ತು, ಅತ್ತೆ ಏನಂದರು, ಹಿಂದಿನ ರಾತ್ರಿ ಎಷ್ಟು ನಿದ್ದೆ ಮಾಡಿದ್ದರು, ಮಾತ್ರೆ ತಪ್ಪಿತ್ತೇ, ಇಷ್ಟನ್ನು ಮಾತ್ರ ನಕಲು ಮಾಡಿಕೊಳ್ಳಿ ಎಂದೆ. ವೈದ್ಯರಿಗೆ ಬೇಕಾದದ್ದು ಅಷ್ಟೇ.